ಸೂಲಿನ ಲೆಕ್ಕ

ಏಳನೇ ಕಲಮು ಖಾಲಿ ಉಳಿದಿದೆ, ಠಾಕುಮಾ.
ಬಂದ ದಿನ, ತಿಂಗಳು, ವರ್ಷ.
ಸಿಂಧನೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು
ಕಂಡವರ ಅರ್ಜಿಯೆಲ್ಲ ತುಂಬಿಕೊಡುವ ನಾನು
ನಿನ್ನದೊಂದನ್ನು ಮೂರು ಸಲ ಮಡಚಿ ಬ್ಯಾಗಿಗೆ ಹಾಕಿದ್ದೇನೆ.

ಅವಳು ಮೊರ ಕೆಳಗಿಟ್ಟು
ಮಡಿಲಲ್ಲಿದ್ದ ಮೇನಿಯ ಕಿವಿ ಹಿಂದೆ ಕೆರೆದಳು.
ಮೇನಿ ಅಂದರೆ ಈಗಿನ ಮೇನಿ. ಈ ಕ್ಯಾಂಪಿನಲ್ಲಿ
ನಮ್ಮ ಮನೆಯ ಬೆಕ್ಕಿಗೆಲ್ಲ ಒಂದೇ ಹೆಸರು.
"ಬಾಲ ತುಂಡಾದ ಮೇನಿಯ ಎರಡನೇ ಸೂಲಿಗೆ
ನಿನ್ನಪ್ಪ ಹೆಜ್ಜೆ ಇಟ್ಟ.
ಒಕ್ಕಣ್ಣಿ ಮೇನಿ ಸತ್ತ ವಾರ ಕರೆಂಟು ಬಂತು.
ಬೂದಿಬಣ್ಣದವಳು ಗಬ್ಬವಿದ್ದಾಗ ನಿನ್ನ ತಾತ..."
ಅಲ್ಲಿಗೆ ನಿಂತಳು.
"ಬರೆದುಕೋ."

ಮೊದಲನೆಯದು ನಮ್ಮದಲ್ಲ.
ಎಡದಂಡೆ ಕಾಲುವೆ ಬಂದಾದ ತಿಂಗಳು
ಗುಂಡಿಯಲ್ಲಿ ಉಳಿದ ಪುಂಟಿ ಮೀನು ಹಿಡಿದು ತಂದು
ತಗಡಿನ ಶೆಡ್ಡಿನ ಮುಂದೆ ಅಜ್ಜಿ ಹಸನು ಮಾಡುವಾಗ
ಎರೆಹೊಲ ದಾಟಿ, ಜಾಲಿ ಸಂದಿಯಲ್ಲಿ ನುಸುಳಿ ಬಂತು,
ರೊಟ್ಟಿ ಮಜ್ಜಿಗೆ ಬಿಟ್ಟು ಬೇರೆ ಕಾಣದ ಬೆಕ್ಕು.
ಹಿಂದೆಯೇ ಅಯ್ಯಮ್ಮ, ಕಂಕುಳಲ್ಲಿ ಬುಟ್ಟಿ:
"ನಮ್ ಬೆಕ್ಕ ಕಂಡೀರೇನ್ರಿ?"
ಕನ್ನಡದಲ್ಲಿ ಅಜ್ಜಿ ಕಲಿತ ಮೊದಲ ಮಾತು ಅದೇ.
ನೀರು, ಉಪ್ಪು, ಕೂಲಿ, ಎಲ್ಲ ಆಮೇಲೆ.
ಅಯ್ಯಮ್ಮ ಎರಡು ಸಲ ಎತ್ತಿಕೊಂಡು ಹೋದಳು.
ಮೂರನೇ ಸಲ ಕಾಲುವೆ ಏರಿಯ ಮೇಲೇ ನಿಂತು
"ಇಟ್ಕೊಳ್ರಿ ನೀವs, ಅದರ ಬಾಯಿ ಕೆಡಿಸಿಬಿಟ್ರಿ"
ಅಂತ ನಕ್ಕಳಂತೆ.
ಅವತ್ತಿನಿಂದ, ರೇಷನ್ ಕೊಡುವವನು
ಎಷ್ಟು ಮಂದಿ ಅಂದರೆ ಅಜ್ಜಿ ಆರು ಬೆರಳು ತೋರಿಸುತ್ತಿದ್ದಳು.
ಅವರಿದ್ದದ್ದು ಐದು.

ಕಾಗದ ಇತ್ತು. ಇಲ್ಲ ಅಂತಲ್ಲ.
ಮಾನಾ ಶಿಬಿರದ ಚೀಟಿ, ದುಂಡು ಮೊಹರು,
ನೀಲಿ ಶಾಯಿಯಲ್ಲಿ ತಾರೀಖು,
ತಗಡಿನ ಪೆಟ್ಟಿಗೆಯಲ್ಲಿ ಹಳೇ ಸೀರೆಯ ಮೇಲೆ.
ಮಳೆ ಹೊಡೆದ ಒಂದು ರಾತ್ರಿ ಮುಚ್ಚಳ ತೆರೆದಿತ್ತು.
ಬಾಲ ತುಂಡಾದವಳು ಅಲ್ಲೇ ನಾಲ್ಕು ಹಾಕಿದಳು.
ತಾರೀಖು ಹೋಯಿತು, ಅರ್ಧ ಮೊಹರು ಉಳಿಯಿತು.
ತಾತ ಕೋಲೆತ್ತಿದನಂತೆ.
ಅಜ್ಜಿ ಪೆಟ್ಟಿಗೆಗೆ ಅಡ್ಡ ಕೂತು
ಮರಿಗಳು ಕಣ್ಣು ಬಿಡುವವರೆಗೆ
ಯಾರನ್ನೂ ಆ ಕಾಗದ ಮುಟ್ಟಗೊಡಲಿಲ್ಲ.

"ಅದಕ್ಕೂ ಮುಂಚೆ?" ಕೇಳಿದೆ.
"ಅಯ್ಯಮ್ಮನ ಬೆಕ್ಕಿಗೂ ಮುಂಚೆ?"
ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ಇರಲಿಲ್ಲ.
ಖುಲ್ನಾ ಕಡೆಯ ಮನೆ. ಕತ್ತಲಲ್ಲೇ ದೋಣಿ ಬಿಡಬೇಕು.
ಮಗು ಅತ್ತರೆ ಬಾಯಿಗೆ ಸೆರಗು ಒತ್ತಬಹುದು,
ಬೆಕ್ಕಿಗೆ?
ಒಂದು ಬಟ್ಟಲು ಅನ್ನ, ಮೇಲೊಂದು ಮೀನಿನ ತಲೆ.
ಕದಕ್ಕೆ ಚಿಲಕ ಹಾಕಲಿಲ್ಲ.
"ಒಳಗೂ ಹೊರಗೂ ಓಡಾಡಿಕೊಂಡಿರಲಿ ಅಂತ."
ಅದರ ಹೆಸರು?
ನನ್ನನ್ನು ದಡ್ಡಿಯಂತೆ ನೋಡಿದಳು.

ತಹಸೀಲ್ದಾರ ಕಚೇರಿಯಲ್ಲಿ ಗುಮಾಸ್ತ
ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ.
"ಏನಮ್ಮಾ ಈ ಕಲೆ? ಚಹಾ ಚೆಲ್ಲೀರೇನು?"
ಹೌದು ಸರ್ ಅನ್ನುವವಳಿದ್ದೆ.
ಅಜ್ಜಿ ನನ್ನ ಮೊಣಕೈ ತಿವಿದು
ಅಯ್ಯಮ್ಮನಿಂದ ಕಲಿತ ಕನ್ನಡದಲ್ಲಿ ಗಟ್ಟಿಯಾಗಿ ಅಂದಳು:
"ಬೆಕ್ಕ ಈದೈತ್ರಿ ಅದರ ಮ್ಯಾಲ. ನಾಕು ಮರಿ."
ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ,
ಸ್ವಲ್ಪ ಹೊತ್ತು ಕೂತ,
ಮತ್ತೆ ತೆಗೆದ.