ಬಾಯಿಕುಕ್ಕೆ

ಮರ್ರೀ ದಾಟಿದ ಮೇಲೆ ಬೇಲಿಗೊಂದು ತಗಡು:
ನಾಯಿಯ ಚಿತ್ರ, ಅದರ ಮೇಲೊಂದು ಕೆಂಪು ಗೀಟು,
ವಿಷದ ಮಾಂಸ ಎಸೆದಿದೆ, ಎಚ್ಚರ.
ಎಸೆದದ್ದು ಡಿಂಗೊಗಳಿಗಂತೆ.
ಮಾಂಸಕ್ಕೇನು ಗೊತ್ತು
ಯಾವುದು ಕಾಡಿನ ಬಾಯಿ, ಯಾವುದು ಸಾಕಿದ್ದು.

ಪಿಕಪ್ಪು ನಿಲ್ಲಿಸಿ ಇಳಿದೆ.
ಮೊದಲು ಮೇಬಲ್‌ಗೆ ಕುಕ್ಕೆ. ಹದಿಮೂರರ ಮುದುಕಿ,
ಕನ್ನಡಕ ಹಾಕಿಸಿಕೊಳ್ಳುವವಳ ಹಾಗೆ
ಮೂತಿ ತಾನೇ ಚಾಚಿ ಕಣ್ಣು ಮುಚ್ಚಿದಳು.
ಸ್ಪಾನರ್‌ಗೆ ಎರಡು ವರ್ಷ, ಮೈಯೆಲ್ಲ ಸ್ಪ್ರಿಂಗು.
ಅವನ ಬಾಯಿಗೆ ಕಟ್ಟುವುದೆಂದರೆ
ಗಾಳಿಗೆ ಗುಂಡಿ ಹಾಕಿದಂತೆ.

ಆಮೇಲೆ ಮುನ್ನೂರು ಕಿಲೋಮೀಟರು,
ತಗಡಿನ ಮಾಡನ್ನೇ ಹಾಸಿಬಿಟ್ಟಂಥ ರಸ್ತೆ.
ಹಲ್ಲು ಕಟಕಟ, ಚಮಚ ಕಟಕಟ,
ಬೆನ್ನ ಹಿಂದೆ ನೀರಿನ ಕ್ಯಾನು ಗುಡುಗುಡು.
ಉಣ್ಣೆ ಕತ್ತರಿಸುವವರಿಗೆ ನಲವತ್ತು ವರ್ಷ
ಬೇಯಿಸಿ ಹಾಕಿದ ಕೈ ನನ್ನದು, ಕಣ್ಣಳತೆ ತಪ್ಪುವುದಿಲ್ಲ:
ದಿನಕ್ಕೆ ನನಗೆ ನಾಲ್ಕು ಲೀಟರು, ಅವೆರಡಕ್ಕೆ ಆರು,
ರೇಡಿಯೇಟರಿಗೆಂದು ಹತ್ತು ಮುಟ್ಟದೆ ಇಟ್ಟದ್ದು.
ಮುಖ ತೊಳೆಯುವುದು ಊರು ಸಿಕ್ಕಮೇಲೆ.

ಒಣಗಿದ ಹೊಳೆ. ಒಂದೇ ಒಂದು ಕೂಲಿಬಾ ಮರ.
ಬೆಂಕಿಯ ಬೆಳಕಲ್ಲಿ ಸ್ಪಾನರ್‌ನ ಪಾದ ಮಡಿಲಿಗೆಳೆದು
ನೆಗ್ಗಿಲುಮುಳ್ಳು ಕಿತ್ತೆ, ಹನ್ನೊಂದು.
ನೀರು ಕುಡಿಯಲಿ ಅಂತ ಕುಕ್ಕೆ ಬಿಚ್ಚಿದ್ದು,
ಅಷ್ಟೇ.
ಅಷ್ಟರಲ್ಲಿ ದೂರದಲ್ಲೆಲ್ಲೋ
ಕತ್ತಲೆಯಿಂದ ಒಂದೆಳೆ ನೂಲು ಎಳೆದರು ಯಾರೋ,
ಎಳೆದೇ ಎಳೆದರು.
ಡಿಂಗೊ.
ಬಟ್ಟಲಲ್ಲಿ ನೀರು ಇನ್ನೂ ಅಲುಗುತ್ತಿತ್ತು,
ನಾಯಿ ಇರಲಿಲ್ಲ.

ಬೆಳತನಕ ಕೂಗಿದೆ. ಬಾಣಲೆಗೆ ಸೌಟು ಬಡಿದೆ.
ಮೇಬಲ್ ಮಾತ್ರ ನಾನು ಕೂಗಿದಾಗೆಲ್ಲ
ಅವನ ಬದಲಿಗೆ ಎದ್ದು ಬಂದಳು.

ಬೆಳಗ್ಗೆ ರಸ್ತೆ ಕೆರೆಯುವ ಯಂತ್ರ ಓಡಿಸುತ್ತ ಕ್ಲೆಮ್ ಬಂದ,
ಅರಬಾನಾ ಜನದವನು, ಟೋಪಿಗಿಂತ ಹಳೆಯ ನಗು.
'ಕೂಗಬೇಡ ವರ್ನಾ, ಆಟ ಅಂದ್ಕೊಳ್ತಾನೆ.
ಬೆವರಿನ ಅಂಗಿ ಬೂದಿ ಹತ್ತಿರ ಹಾಸು. ಸುಮ್ಮನೆ ಕೂತ್ಕೋ.'
ಯಾರೂ ಇಲ್ಲದ ಜಾಗದಲ್ಲಿ ಏನು ಸುಮ್ಮನೆ ಕೂರೋದು, ಅಂದೆ.
'ಯಾರೂ ಇಲ್ಲದ್ದಾ?' ಗಲ್ಲ ಎತ್ತಿ ತೋರಿಸಿದ,
'ನಮ್ಮಜ್ಜಿ ಹುಟ್ಟಿದ್ದು ಆ ತಿರುವಿನಲ್ಲಿ.'
ಹತ್ತು ಲೀಟರು ನೀರು ಇಳಿಸಿ ಹೊರಟ.
ತಿರುವನ್ನೇ ನೋಡುತ್ತ ಕೂತೆ.
ಕಲ್ಲು, ಕಲ್ಲು, ಕಲ್ಲಿನ ನೆರಳು,
ನೋಡುತ್ತ ನೋಡುತ್ತ ಒಂದು ಅಂಗಳ.

ಸಂಜೆಗೆ ಬಂದ. ಏನೂ ಆಗಿಲ್ಲವೆಂಬಂತೆ,
ಅರ್ಧ ಮೈ ಕೆಸರು (ಎಲ್ಲಿ ಸಿಕ್ಕಿತೋ ಕೆಸರು),
ಬಾಯಲ್ಲಿ ಕೊಳೆತ ನಾತ.
ಬೈದೆ, ಅಪ್ಪಿದೆ, ಮತ್ತೆ ಬೈದೆ.
ಆಮೇಲೆ ಆ ನಾತ ಮೂಗಿಗಲ್ಲ, ಎದೆಗೆ ತಟ್ಟಿತು:
ಏನು ತಿಂದೆಯೋ?

ಆ ವಿಷಕ್ಕೆ ಅವಸರವಿಲ್ಲ.
ಗಂಟೆಗಟ್ಟಲೆ ಒಳಗೆ ಕೂತು ಆಮೇಲೆ ಏಳುತ್ತದೆ.
ಕಾರಣವಿಲ್ಲದೆ ಓಡಿದರೆ ವಿಷ,
ಗಾಳಿಗೆ ಬೊಗಳಿದರೆ ವಿಷ.
ಆದರೆ ಸ್ಪಾನರ್ ಹುಟ್ಟಿದಾಗಿನಿಂದ
ಕಾರಣವಿಲ್ಲದೆ ಓಡಿದವನು,
ಗಾಳಿಗೇ ಬೊಗಳಿ ದೊಡ್ಡವನಾದವನು.
ಡಾಕ್ಟರು ನಾನೂರು ಕಿಲೋಮೀಟರು ಆಚೆ.
ಟಾರ್ಚು ಹಿಡಿದು ಕೂತೆ, ಅವನ ಪಕ್ಕೆಲುಬು ಏರುವುದನ್ನು,
ಇಳಿಯುವುದನ್ನು ಎಣಿಸುತ್ತ.
ಹಾಲು ಉಕ್ಕದಂತೆ ಕಾದವಳಿಗೆ
ಇದೂ ಒಂದು ಕಾಯುವುದು.

ನಡುರಾತ್ರಿ ಎದ್ದ. ಬೆನ್ನು ಬಾಗಿಸಿದ.
ನನ್ನ ಉಸಿರು ಅವನ ಗಂಟಲಲ್ಲಿ.
ಕಕ್ಕಿದ:
ಅರ್ಧ ಹಲ್ಲಿ, ಒಂದಷ್ಟು ರೋಮ,
ಮರ್ರೀಯಲ್ಲಿ ಕಳೆದೆ ಅಂದುಕೊಂಡಿದ್ದ
ನನ್ನದೇ ಕಾಲುಚೀಲದ ತುಂಡು.
ಮೇಬಲ್ ಬಂದು ಮೂಸಿ, ಇಷ್ಟೇನಾ ಎಂಬಂತೆ
ಮೂರು ಸುತ್ತು ಸುತ್ತಿ ಮಲಗಿದಳು.
ನಾನು ಮಲಗಲಿಲ್ಲ. ನಗುತ್ತಿದ್ದೆನೋ ಏನೋ,
ಭುಜ ಅಲುಗುತ್ತಿತ್ತು.

ಬೆಳಗಾದಾಗ ಅವನು ನನ್ನ ಅಂಗಿಯ ಮೇಲೆ
ಕಾಲು ನಾಲ್ಕೂ ಮೇಲೆ ಮಾಡಿ ಗೊರಕೆ.
ಕುಕ್ಕೆ ಕಂಡೊಡನೆ ಅದೇ ಕುಸ್ತಿ.
ಕ್ಲೆಮ್ ಬಿಟ್ಟ ನೀರಿನಲ್ಲಿ ಒಂದು ಬೊಗಸೆ ಎತ್ತಿದೆ,
ಊರು ಸಿಗುವ ಮೊದಲೇ ಮುಖಕ್ಕೆ ಹಾಕಿಕೊಂಡೆ.
ಗಲ್ಲದಿಂದ ತೊಟ್ಟಿಕ್ಕಿದ್ದು ಕೆಂಪಗಿತ್ತು.
ತಿರುವಿನ ಹತ್ತಿರ ನಿಧಾನಿಸಿ,
ಹಾರ್ನು ಮಾಡಬೇಕೆಂದು ಕೈ ಹೋಗಿ,
ಮಾಡದೆ ದಾಟಿದೆ.