ಷರಾ

ಲಿಮರಿಕ್ಕಿನ ವಸತಿಹೀನರ ತಂಗುಮನೆಗೆ
ಮಾನ ಅಳೆಯಲು ಹೋದವಳು ನಾನು.
ಚೀಲದಲ್ಲಿ ಐದು ಮೀಟರಿನ ಟೇಪು,
ಮೂವತ್ತೆರಡು ಪುಟದ ನಮೂನೆ,
ಡಬ್ಲಿನ್ನಿನ ಬೆಳಗಿನ ರೈಲಿನಲ್ಲಿ ತಿನ್ನದೆ ಉಳಿದ ಸ್ಯಾಂಡ್‌ವಿಚ್ಚು.

ಶ್ಯಾನನ್ ನದಿ ಅಂದು ಇಳಿತದಲ್ಲಿತ್ತು.
ಕೆಸರಲ್ಲಿ ಅರ್ಧ ಹೂತ ಸೈಕಲ್ಲಿನ ಹ್ಯಾಂಡಲ್ ಮೇಲೆ
ಕಡಲಹಕ್ಕಿಯೊಂದು ಕೂತಿತ್ತು,
ಯಾರ ಮಾನ್ಯತೆಯೂ ಬೇಕಿಲ್ಲದ ಹಾಗೆ.

ಬಾಗಿಲಲ್ಲಿ ಅಟ್ರಾಕ್ಟಾ ಹ್ಯಾನ್ಲಿ.
ಇರುಳಿಡೀ ನೆಲ ಒರೆಸಿದ್ದಾಳೆಂದು ಅವಳ ಒದ್ದೆ ಮಂಡಿಯೇ ಹೇಳುತ್ತಿತ್ತು.
ಫಿನೈಲಿನ ವಾಸನೆ, ಅದರಡಿಯಲ್ಲಿ
ನೆಂದ ಉಣ್ಣೆಯ ವಾಸನೆ, ಅದರಡಿಯಲ್ಲಿ ಸೀದ ಟೋಸ್ಟು.
ಹೆಣ್ಣು ನೋಡಲು ಬಂದವರ ಮುಂದೆ
ಉಪ್ಪಿಟ್ಟಿನ ತಟ್ಟೆ ಇಟ್ಟಂತೆ ಫೈಲುಗಳನ್ನು ಇಟ್ಟಳು.

ಹಾಸಿಗೆಯಿಂದ ಹಾಸಿಗೆಗೆ ಎಷ್ಟು? ಅಳೆದೆ.
ತೊಂಬತ್ತೆರಡು ಸೆಂಟಿಮೀಟರು. ಸರಿ.
ಬಿಸಿನೀರು? ಕೈ ಒಡ್ಡಿದೆ. ಸುಟ್ಟಿತು. ಸರಿ.
ದೂರುಪೆಟ್ಟಿಗೆ? ಇದೆ, ಬೀಗವೂ ಇದೆ,
ಕೀಲಿಕೈ ಎಲ್ಲೆಂದು ಮಾತ್ರ ಯಾರಿಗೂ ನೆನಪಿಲ್ಲ.
ಹೊಗೆಯ ಗಂಟೆ ಒತ್ತಿದೆ. ಅರಚಿತು.
ಮಹಡಿಯಿಂದ ಯಾರೋ ನನ್ನ ವಂಶವನ್ನೇ ಬೈದರು.
"ಎಚ್ಚರಿಕೆ ಎಲ್ಲರಿಗೂ ಕೇಳಿಸುತ್ತದೆ" ಎಂದು ಬರೆದುಕೊಂಡೆ.

ಕಲಂ ಏಳು, ಉಪಕಲಂ ಮೂರು:
ನಿವಾಸಿಯ ಅನುಮತಿಯಿಲ್ಲದೆ ಕೋಣೆಯನ್ನು ಪ್ರವೇಶಿಸತಕ್ಕದ್ದಲ್ಲ.
ಇದು ಪಾಲನೆಯಾಗುತ್ತಿದೆಯೇ ಎಂದು ಕೇಳಬೇಕಿತ್ತು.
ಕೇಳಲೆಂದು
ಬಾಗಿಲು ತಳ್ಳಿಕೊಂಡೇ ಒಳಗೆ ಹೋದೆ.

ಕೋಲ್ಮನ್ ಮಂಚದ ಮೇಲೆ ಕೂತು
ಕಾಲುಚೀಲ ಹೊಲಿಯುತ್ತಿದ್ದ.
ಅರವತ್ತರ ಆಸುಪಾಸು, ಹಿಂದೆ ಬಂದರಿನಲ್ಲಿ ಕ್ರೇನು ಓಡಿಸಿದವನಂತೆ.
ತಲೆ ಎತ್ತಲಿಲ್ಲ. ಗಂಟು ಹಾಕಿ, ದಾರ ಹಲ್ಲಲ್ಲಿ ಕಡಿದು,
"ಹೊರಗೆ ಹೋಗಿ, ಬಾಗಿಲು ಬಡಿದು, ಮತ್ತೆ ಬಾ" ಅಂದ.

ಹೋದೆ.
ಆ ಹಸಿರು ಬಾಗಿಲ ಮುಂದೆ
ಶಾಲೆಗೆ ತಡವಾದ ಹುಡುಗಿಯಂತೆ ನಿಂತೆ.
ಬಡಿದೆ. ಸದ್ದಿಲ್ಲ. ಮತ್ತೆ ಬಡಿದೆ.
ಗಡಿಯಾರ ನೋಡಿಕೊಂಡಿದ್ದೇನೆ, ಅದು ನನ್ನ ಚಟ:
ಒಂದು ನಿಮಿಷ ನಲವತ್ತು ಸೆಕೆಂಡು
ಆ ಕೋಣೆ ಅವನದಾಗಿತ್ತು.
ಆಮೇಲೆ "ಬಾ" ಅಂದ.

ಹನ್ನೊಂದು ಚಳಿಗಾಲ ಕೋಟು ಕಳಚದೆ ಮಲಗಿದವನು ನಾನು.
ಕಳಚಿದರೆ ಕದಿಯುತ್ತಾರೆ, ಇಲ್ಲವೇ ಎಬ್ಬಿಸಿ ಅಟ್ಟುತ್ತಾರೆ,
ಓಡುವವನಿಗೆ ತೋಳು ತೂರಿಸಲು ಪುರುಸೊತ್ತೆಲ್ಲಿ?
ಇಲ್ಲಿಗೆ ಬಂದ ಎರಡನೇ ತಿಂಗಳು
ಮುಂಬಾಗಿಲ ಪಕ್ಕ ನಾನೇ ಒಂದು ಮೊಳೆ ಹೊಡೆದೆ.
ಮನೆ ಅಂದಮೇಲೆ ಕೋಟು ಬಾಗಿಲ ಬಳಿ ತಾನೆ?
ಬರೆದುಕೋ ಇದನ್ನು.

ಹುಡುಕಿದೆ. ಮೂವತ್ತೆರಡು ಪುಟದಲ್ಲಿ
ಮೊಳೆಗೆ ಜಾಗವಿರಲಿಲ್ಲ.
ಪೀಠೋಪಕರಣಕ್ಕೆ ಸೇರದು, ಹಕ್ಕುಗಳಿಗೂ ಸೇರದು.
"ಇತರೆ" ಎಂಬಲ್ಲಿ ಗುರುತು ಹಾಕಿ ರೈಲು ಹಿಡಿದೆ.

ಮಾನ್ಯತೆ ಸಿಕ್ಕಿತು. ನೂರಕ್ಕೆ ತೊಂಬತ್ತೊಂದು.
ಅಟ್ರಾಕ್ಟಾ ಫೋನಿನಲ್ಲಿ ಅತ್ತಳು.
ಅನುದಾನ ಉಳಿಯಿತು, ಬಾಯ್ಲರು ಉಳಿಯಿತು.
ಮೊದಲು ಹೇಗಿತ್ತೆಂದು ಅವಳೇ ಹೇಳಿದ್ದಳು:
ಮೂವತ್ತು ಜನ, ಒಂದೇ ಶೌಚ, ಅದಕ್ಕೂ ಚಿಲಕವಿಲ್ಲ.
ನಮೂನೆಯನ್ನು ಹಾಗಾಗಿ ಹೀಗಳೆಯಲಾರೆ,
ಆ ಚಿಲಕ ಹುಟ್ಟಿದ್ದು ಯಾವುದೋ ಉಪಕಲಮಿನ ಹೊಟ್ಟೆಯಲ್ಲೇ.

ಮರುವರ್ಷ ಹೋದಾಗ ಮಾರ್ಚ್, ಗಾಳಿ, ಆಲಿಕಲ್ಲು.
ಕಾಲಿಟ್ಟ ಕೂಡಲೆ ಕಂಡಿತು:
ಗಾಜಿನ ಚೌಕಟ್ಟು, ಬಂಗಾರದ ಅಂಚು, ಕೆಳಗೆ ನನ್ನದೇ ಸಹಿ.
ಬಂದವರ ಕಣ್ಣು ಮೊದಲು ಬೀಳುವ ಜಾಗ.
ತೂಗುಹಾಕಿದ್ದು ಅದೇ ಮೊಳೆಗೆ.

ಊಟದ ಮನೆಯಲ್ಲಿ ಕೋಲ್ಮನ್ ಸೂಪು ಕುಡಿಯುತ್ತಿದ್ದ,
ಕೊರಳವರೆಗೆ ಗುಂಡಿ ಹಾಕಿದ ಕೋಟಿನಲ್ಲಿ.
ಗೋಡೆಯ ಮಾಪಕ ಇಪ್ಪತ್ತೊಂದು ಡಿಗ್ರಿ ತೋರುತ್ತಿತ್ತು. ಸರಿ.
ನನ್ನನ್ನು ಕಂಡು ಚಮಚ ಎತ್ತಿದ, ಗುರುತು ಹಿಡಿದನೋ ಏನೋ.

ಕೊನೆಯ ಪುಟ. ಷರಾ. ಎರಡೇ ಗೆರೆ.
ಇಷ್ಟು ವರ್ಷ ಅಲ್ಲಿ ನಾನು ಬರೆದದ್ದು ಬರೀ "ತೃಪ್ತಿಕರ".
ಪೆನ್ನು ಮುನಿಸಿಕೊಂಡಿತ್ತು, ಅಂಗೈಯಲ್ಲಿ ಗೀಚಿ ನೋಡಿದೆ.
ಬರೆದೆ:
ಇನ್ನೊಂದು ಮೊಳೆ ಬೇಕು, ತುರ್ತು.
ಕೆಳಗಿನ ಗೆರೆಯಲ್ಲಿ:
ಸುತ್ತಿಗೆ ಅವನ ಕೈಗೇ ಕೊಡಿ.