ಜರ್ಮನ್ ಬೆಂಡ್ವಾಲಿ

ನಮ್ಮ ಕಡೆ ಅಲ್ಯುಮಿನಿಯಂಗ ಜರ್ಮನ್ ಅಂತಾರ.
ಯಾಕಂತ ನನ್ನ ಕೇಳಬ್ಯಾಡ್ರಿ. ಅವ್ವನ ಡಬರಿ ಜರ್ಮನ್,
ಸಾಲ್ಯಾಗ ಉಪ್ಪಿಟ್ಟು ಬಡಸ್ತಿದ್ದ ತಾಟು ಜರ್ಮನ್.
ಪತ್ತಾರ ಮೌನೇಶಪ್ಪ ಕೇಳಿ ನಕ್ಕ:
“ಭಿಕ್ಷಾಪಾತ್ರಿ ಕಿವಿಗೆ ಹಾಕ್ಕೋತಾರೇನವಾ ಯಾರರೆ?”

ಗುಜರಿ ಮಾಬುಸಾಬನ ಕಡಿಂದ ಕಿಲೋ ಲೆಕ್ಕ ತರತೀನಿ,
ಅಂಗಡಿ ಬೋರ್ಡು ಮಾಡಿ ಉಳದ ಚೂರು.
ಕತ್ತರಿಗೆ ಸಹಜ ಬಗ್ಗತೈತಿ,
ಜ್ವಾಳದ ಹಿಟ್ಟಿಗಿರೂವಷ್ಟೂ ಹಟ ಇದಕ್ಕಿಲ್ಲ.

ನಳ ಕತ್ತರಸ್ತೀನಿ. ನಳದ ಬಾಯಿಗೆ ಒಂದ ಹನಿ,
ಅದು ಅಲ್ಲಾಡಬೇಕು,
ನೀರು ಬಿಟ್ಟ ದಿನ ಬೆಟಗೇರಿ ಓಣಿ ಅಲ್ಲಾಡಿಧಂಗ.
ಕುಕ್ಕರಿನ ಸೀಟಿ.
ಭಜಿ ಅಲ್ಲ, ಭಜಿ ಕಟ್ಟಿಕೊಟ್ಟ ಪೇಪರಿನ ಮಡಿಕಿ, ಎಣ್ಣಿ ಕಲಿ ಸುದ್ದಾ.
ಹಗ್ಗದ ಮ್ಯಾಲ ಒಂದ ಅರಬಿ ಬಿಟ್ಟು ಉಳದ ಚಿಮಟಿ.
ಲಾಳಿ ಮಾತ್ರ ಮಾಡಿಲ್ಲ. ಅಪ್ಪ ಬ್ಯಾಡಂದ.
“ಮಗ್ಗ ನಿಂತ ಓಣ್ಯಾಗ ಕಿವಿಗೆ ಲಾಳಿ ಕಟ್ಟಿದ್ರ
ರಾತ್ರಿ ಸಪ್ಪಳ ಮಾಡತೈತಿ.”

ಹಿತ್ತಲದಾಗ ಪ್ಲಾಸ್ಟಿಕ್ ಬಕೀಟು, ಬ್ಯಾಟರಿ ಅಂಗಡಿ ಆಸಿಡ್ಡು.
ನೀರಿಗೆ ಆಸಿಡ್ಡು ಸುರೀಬೇಕು, ಆಸಿಡ್ಡಿಗೆ ನೀರಲ್ಲ,
ತಪ್ಪಿದ್ದಕ್ಕ ಮಣಿಕಟ್ಟಿನ್ಯಾಗ ಒಂದು ಗುರುತೈತಿ ನನಗ.
ಆಟೋ ಚಾರ್ಜರಿನ ವಾಯರು ಕಚ್ಚಿಸಿ
ಮುಕ್ಕಾಲು ತಾಸು ಬಿಟ್ಟರ
ಕಣ್ಣಿಗೆ ಕಾಣದಂಥಾ ತೂತು ತೆರೀತಾವ ಮೈತುಂಬ.
ಕಿವಿ ಚುಚ್ಚಿದ್ರ ಕೂಸು ಓಣಿ ಎಬ್ಬಸತೈತಿ.
ಇದು ಗುಳ್ಳಿ ಬಿಡತೈತಿ, ಅಷ್ಟ.

ಆಮ್ಯಾಲ ಬಣ್ಣ.
ಅಪ್ಪ ನಲವತ್ತು ವರ್ಷ ನೂಲು ಅದ್ದಿದಾಂವ,
ಮೊಣಕೈತನಕ ನೀಲಿ.
ಸಾಲದ ಕಾಗದಕ್ಕ ಹೆಬ್ಬೆಟ್ಟು ಒತ್ತೂಮುಂದ
ಬ್ಯಾಂಕಿನಾಂವ ಮಸಿಪ್ಯಾಡು ತಗದ್ರ
“ಬ್ಯಾಡ ಬಿಡ್ರಿ ಸಾಹೇಬ್ರ, ಮನಿಯಿಂದನ ಹಚಗೊಂಡ ಬಂದೀನಿ” ಅಂದಿದ್ದ.
ಈಗ ನನ್ನ ಒಲಿ ಮುಂದ ಕುರ್ಚಿ ಹಾಕ್ಕೊಂಡು ಕೂತು
ದಿನಾ ಒಂದು ತಪ್ಪು ಹುಡಕ್ತಾನ.
“ಬೆರಳು ಅದ್ದಿ ಹತ್ತು ಎಣಸು, ಕಸ್ತೂರಿ.
ಎಂಟಕ್ಕ ಕೈ ತಗದಿ ಅಂದ್ರ ಬಿಸಿ ಹೆಚ್ಚಾತು.”
ಖರೇನ. ಬಣ್ಣ ಕುದ್ದರ
ಜರ್ಮನ್ ತನ್ನ ಬಾಗಲಾ ಹಾಕ್ಕೋತೈತಿ,
ಬಂದ ಬಣ್ಣ ಹೊರಗ ನಿಂತು ಹೊಳ್ಳಿ ಹೋಗತೈತಿ.
ಕುದಿಯೂ ನೀರು ಕಡೀಕ, ಎಲ್ಲಾ ಒಳಗ ಬಂದಮ್ಯಾಲ.

ಇನ್ನೊಂದು ನೇಮ: ಬಣ್ಣಕ್ಕಿಂತ ಮೊದಲ ಮುಟ್ಟಬಾರದು.
ಬೆರಳಿನ ಜಿಡ್ಡು ತಾಗಿದಲ್ಲಿ ಏನೂ ಹಿಡಿಯೂದಿಲ್ಲ.
ಹೇಳಿದ್ದೆ. ಎರಡ ಸಲ ಹೇಳಿದ್ದೆ.
ಶನಿವಾರ ನಾನು ಹಾಲಿನಾಂವನ ಕೂಡ ಮಾತಾಡಿ ಬರೂದರೊಳಗ
ಒಂದು ನಳ ಎತ್ತಿ ಅಂಗೈಯಾಗ ತೂಗಿ ನೋಡ್ಯಾನ,
ತೂಕ ಇಲ್ಲಲ್ಲಾ ಅಂತ ಬೆರಗಾಗಿ
ಹೆಬ್ಬೆಟ್ಟಿನಿಂದ ಒತ್ತಿ ನೋಡ್ಯಾನ.

ಕುದಿನೀರಿನಿಂದ ತಗದೆ.
ಗಾಢ ನೀಲಿ. ನಡುವ ಬೆಳ್ಳಗ ಒಂದು ಹೆಬ್ಬೆಟ್ಟು,
ಗೆರಿ ಗೆರಿ, ಒಂದೂ ಅಳಸದ.
ಆ ಬೆರಳು ಬೆಳ್ಳಗ ಬಿದ್ದಿದ್ದು
ನಾನು ಹುಟ್ಟಿದಮ್ಯಾಲ ಇದ ಮೊದಲು.

ಅಪ್ಪ ಬೆಳಕಿಗೆ ಹಿಡದು ನೋಡಿದ. ಬಾಳ ಹೊತ್ತು ನೋಡಿದ.
“ಕಚ್ಚಾ ಆಗೇತಿ. ಮತ್ತೊಮ್ಮೆ ಅದ್ದು.”
ಆಗೂದಿಲ್ಲಪಾ, ಬಾಗಲಾ ಹಾಕೇತಿ ಅಂದೆ.
“ಹಂಗಾರ ಮಾರಬ್ಯಾಡ. ಹೆಸರು ಕೆಡತೈತಿ.”
ಯಾರ ಹೆಸರು ಅಂತ ನಾನು ಕೇಳಲಿಲ್ಲ.

ಕಂಡಕ್ಟರ್ ಫಕ್ಕೀರವ್ವ ಹೊಂಬಳ ಬಂದು
ತಟ್ಟೀಯೊಳಗಿಂದ ಅದನ್ನ ಆರಿಸಿ ಎತ್ತಿದ್ಲು.
“ಕಲಿ ಐತಿ, ಹತ್ತು ರೂಪಾಯಿ ಬಿಡು.”
ನಾ ಬಾಯಿ ತೆರಿಯೂದರೊಳಗ
ಕುರ್ಚಿಯಿಂದ ಅಪ್ಪ: “ಐದು.”

ಈಗ ಗದಗ–ಮುಂಡರಗಿ ಬಸ್ಸಿನಾಗ
ಹೆಣ್ಣಮಕ್ಕಳಿಗೆ ಸೊನ್ನೀ ಟಿಕೀಟು ಹರದು ಕೊಡತಾಳ ಆಕಿ.
ಆಕಿ ಬಲಗಿವ್ಯಾಗ ನಮ್ಮಪ್ಪನ ಹೆಬ್ಬೆಟ್ಟು
ದಿನಾ ನಾಕು ಸಲ ಡಂಬಳದ ಕೆರಿ ದಾಟತೈತಿ,
ಸೀಟು ಕೇಳದ, ಟಿಕೀಟೂ ಇಲ್ಲದ.